ಸಹಕಾರಕ್ಕೆ ದ್ವಿತೀಯ ಬಹುಮಾನ

ಶಾಲೆಗಳ ತಪಾಸಣೆಯ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಗೆಲುವೇ ಇಲ್ಲದ ಒಂದು ಆಟಕ್ಕೆ ತಾವು ಗೆಲುವನ್ನು ದಯಪಾಲಿಸಿದಿರಿ. ಅದನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ತಮ್ಮ ಕಚೇರಿಯಿಂದ ಏನಾದರೂ ಸಿಗಲಿ ಎಂದು ಕಾಯುವವರೇ ಹೆಚ್ಚಿರುವಾಗ, ಸಿಕ್ಕಿದ್ದನ್ನು ಮರಳಿಸಲು ಬಂದವನನ್ನು ಯಾವ ಕಿಟಕಿಗೆ ಕಳುಹಿಸುವುದೆಂದು ಗುಮಾಸ್ತರಿಗೂ ತಿಳಿಯಲಿಲ್ಲ. ಹಾಗಾಗಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆಟವನ್ನು ತಾವು ಬಾಗಿಲಲ್ಲಿ ನಿಂತು, ಗಡಿಯಾರ ನೋಡುತ್ತ ನೋಡಿದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಒಂಬತ್ತನೇ ತರಗತಿಯವರು ಬೆಂಚುಗಳನ್ನು ಗೋಡೆಗೆ ತಳ್ಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಳೆಯೊಂದನ್ನು ಬರೆಯುತ್ತಿದ್ದರು. ಐವರು ಒಂದು ದಡದಲ್ಲಿ. ಒಬ್ಬೊಬ್ಬರ ಕೈಗೂ ಒಂದು ಕಾರ್ಡು. ಅದರಲ್ಲಿ ಅವರದೇ ವಯಸ್ಸಿನ ಯಾರದೋ ಕಷ್ಟ. ಕುಡಿಯುವ ಅಪ್ಪ, ಕೆಲಸಕ್ಕೆ ಹಚ್ಚಲೆಂದು ಶಾಲೆ ಬಿಡಿಸುವ ಮನೆ, ಫೋನಿನಲ್ಲಿ ಕಾಡುವ ಅಪರಿಚಿತ. ಕಾರ್ಡು ಹಿಡಿದವರು ಆ ಹುಡುಗನೋ ಹುಡುಗಿಯೋ ಆಗಿ ಮಾತಾಡಬೇಕು, ಉಳಿದ ನಾಲ್ವರು ಕೂಡಿ ದಾರಿ ಹುಡುಕಬೇಕು. 'ಇದು ಆಗಬಹುದು' ಎಂದು ಅವರಿಗೇ ಅನಿಸಿದರೆ ಹೊಳೆಯಲ್ಲಿ ಒಂದು ರಟ್ಟಿನ ಕಲ್ಲು ಬೀಳುತ್ತದೆ. ಒಬ್ಬರು ದಡದಲ್ಲಿ ಉಳಿದರೂ ಯಾರೂ ದಾಟಿದಂತಲ್ಲ. ಇನ್ನೊಂದೇ ನಿಯಮ: 'ನಿಂಗೆ ಹೇಗೆ ಗೊತ್ತು' ಎಂದು ಯಾರೂ ಯಾರನ್ನೂ ಕೇಳಬಾರದು.

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಈ ಆಟದಲ್ಲೂ ಹುಡುಕಿದ್ದೆ. ಸಿಗದಿದ್ದಾಗ ಒಂದಿಷ್ಟು ನಿರಾಸೆಯೂ ಆಯಿತು. ತಮಗೆ ಮಾತ್ರ ಹೋದ ತಕ್ಷಣ ಸಿಕ್ಕಿತು. ಅಂದು ನಡೆದದ್ದನ್ನು ಅದೇ ತರಗತಿಯಲ್ಲಿರುವ ನನ್ನ ಮಗಳು ತಮ್ಮ ದನಿಯನ್ನೂ ಸೇರಿಸಿ ಮನೆಯಲ್ಲಿ ಅಭಿನಯಿಸಿದಳು.

"ಗೆದ್ದವರು ಯಾರು?"

"ಇದ್ರಲ್ಲಿ ಗೆಲ್ಲೋದಿಲ್ಲ ಸರ್. ಎಲ್ಲರೂ ದಾಟ್ತಾರೆ," ಎಂದರಂತೆ ಆಟ ಕಟ್ಟಿದ ಸಮಾಜ ಟೀಚರು.

"ಮತ್ತೆ ಸೋತವರು?"

"ಒಬ್ಬರು ಉಳಿದ್ರೂ ಎಲ್ಲರೂ ಉಳೀತಾರೆ ಸರ್."

"ಅಂದ್ರೆ ಎಲ್ಲರೂ ಪಾಸು, ಇಲ್ಲಾಂದ್ರೆ ಎಲ್ಲರೂ ಫೇಲು. ಇದನ್ನ ಮೇಲಿನವರಿಗೆ ನಾನು ಏನಂತ ತೋರಿಸ್ಲಿ ಮೇಡಂ?"

ನ್ಯಾಯವಾದ ಸಂಕಟ. ಮುಂದಿನ ಶನಿವಾರಕ್ಕೆ ಮೊದಲೇ ಆದೇಶ ಬಂತು: ಸದರಿ ಆಟವನ್ನು ಸ್ಪರ್ಧೆಯ ರೂಪದಲ್ಲಲ್ಲದೆ ಆಡಿಸತಕ್ಕದ್ದಲ್ಲ. ತಂಡಕ್ಕೊಬ್ಬ ನಾಯಕ, ಪ್ರತಿ ಕಲ್ಲಿಗೂ ಕಾಲಮಿತಿ, ತೀರ್ಪುಗಾರರ ಕೈಯಲ್ಲಿ ಮಾದರಿ ಉತ್ತರ. ಒಗ್ಗಟ್ಟಿಗೆ ಒಬ್ಬೊಬ್ಬರಿಗೂ ಬೇರೆಬೇರೆ ಅಂಕ. ಸಹಕಾರ ಮನೋಭಾವದಲ್ಲಿ ಪಕ್ಕದ ಶಾಲೆಯವರಿಗೆ ಮಣ್ಣು ಮುಕ್ಕಿಸಿದವರಿಗೆ ಫಲಕ. ಮಾನ್ಯರೇ, ಇದನ್ನು ಬರೆಯುವಾಗ ತಮ್ಮ ಕಚೇರಿಯಲ್ಲಿ ಒಬ್ಬರಿಗೂ ನಗು ಬರಲಿಲ್ಲವೇ? ಬಂದು, ಮೇಲಿನವರ ಅನುಮತಿಗಾಗಿ ಕಾಯುತ್ತಿದೆಯೇ?

ನಗುವುದಕ್ಕೆ ನನಗೂ ಇಷ್ಟವೇ. ಅಡ್ಡ ಬರುತ್ತಿರುವುದು ಒಬ್ಬ ಹುಡುಗಿ. ಟೀಚರ ಮೂಲಕ ಅವಳ ಒಪ್ಪಿಗೆ ಪಡೆದು, ಹೆಸರು ಮರೆಸಿ, ಗುಬ್ಬಿ ಎನ್ನುತ್ತೇನೆ. ನನ್ನ ಮಗಳ ಗುಂಪಿನ ಐದನೆಯವಳು. ಹಾಜರಿ ಕೂಗಿದರೂ ಓಗೊಡಲು ಹಿಂದೆಮುಂದೆ ನೋಡುವ ಮಗು. ತಾವು ಬಂದುಹೋದ ದಿನವೇ, ತಮ್ಮ ಜೀಪು ಗೇಟು ದಾಟಿದ ಮೇಲೆ, ಅವಳ ಕೈಗೆ ಫೋನಿನ ಕಾರ್ಡು ಬಂತು. ಅದರಲ್ಲಿದ್ದದ್ದು ಒಂದೇ ಸಾಲು: 'ಇವಳಿಗೆ ಯಾರೋ ಮೆಸೇಜು ಕಳಿಸುತ್ತಾರೆ.' ಗುಬ್ಬಿ ಅದಕ್ಕೆ ತಾನೇ ಸೇರಿಸಿದಳು: "ಫೋಟೊ ಕಳ್ಸು ಅಂತಾನೆ. ಇವಳು ಒಂದು ಕಳ್ಸಿದಾಳೆ. ಈಗ ಅದನ್ನ ಎಲ್ಲರಿಗೂ ತೋರಿಸ್ತೀನಿ ಅಂತಾನೆ." ಯಾರೂ ಕೇಳಬಾರದ್ದನ್ನು ಕೇಳಲಿಲ್ಲ. ಗಂಟೆ ಹೊಡೆಯಿತು. "ಈ ಕಲ್ಲು ಮುಂದಿನ ಶನಿವಾರಕ್ಕಿರಲಿ, ಎಲ್ಲರೂ ಯೋಚಿಸಿ," ಎಂದರು ಟೀಚರು.

ಮುಂದಿನ ಶನಿವಾರ ತಮ್ಮದಾಗಿತ್ತು. ಸಭಾಂಗಣ, ಮೈಕು, ನೆಲದ ಮೇಲೆ ಬಣ್ಣದ ಟೇಪಿನ ಹೊಳೆ. ಗುಬ್ಬಿ ಅದೇ ಕಾರ್ಡು ಹಿಡಿದು ದಡದಲ್ಲಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ತೀರ್ಪುಗಾರರು ಗಡಿಯಾರ ಎತ್ತಿ ತೋರಿಸಿದರು. ಆಗ ತಂಡದ ನಾಯಕಿ, ಅಂದರೆ ನನ್ನ ಮಗಳು, ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು ಮಾದರಿ ಉತ್ತರವನ್ನು ಗಟ್ಟಿಯಾಗಿ ಒಪ್ಪಿಸಿದಳು: "ಇಂಥ ಸಂದರ್ಭದಲ್ಲಿ ಹಿರಿಯರ ಗಮನಕ್ಕೆ ತರಬೇಕು." ಸಭಾಂಗಣದಲ್ಲಿದ್ದ ಹಿರಿಯರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮ ಯಾರ ಗಮನಕ್ಕೂ ಏನೂ ಬರಲಿಲ್ಲ.

ಎರಡನೇ ಬಹುಮಾನದ ಫಲಕ ಈಗ ನಮ್ಮ ಮನೆಯ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದೆ.

"ತಿರುಗಿಸಿ ಇಟ್ಟೆ ಯಾಕೆ?" ಎಂದು ಕೇಳಿದೆ.

"ಟೈಮ್ ಆಗ್ತಿತ್ತು ಅಪ್ಪ," ಎಂದಳು. ಕೇಳಿದ್ದಕ್ಕೆ ಉತ್ತರವಲ್ಲ. ಕಪಾಟಿನ ಬಾಗಿಲು ಹಾಕುತ್ತ, "ಅವಳು ಹೇಳ್ತಿದ್ಲು ಅನ್ಸುತ್ತೆ. ಇನ್ನೊಂಚೂರು ಬಿಟ್ಟಿದ್ರೆ," ಎಂದಳು.

ಅಂದಿನಿಂದ ಗುಬ್ಬಿ ಶಾಲೆಗೆ ಬಂದಿಲ್ಲ. ಟೀಚರು ಸಂಜೆಸಂಜೆ ಅವಳ ಮನೆಗೆ ಹೋಗಿ ಬರುತ್ತಾರೆ. ತಾಯಿ ಹೊಲಿಗೆಯಂತ್ರದ ಮುಂದಿಂದ ಏಳದೆ, "ಹೊಟ್ಟೆನೋವಂತೆ ಮಿಸ್ಸು, ಏನು ಕೇಳಿದ್ರೂ ಗೋಡೆ ನೋಡ್ತಾಳೆ," ಎನ್ನುತ್ತಾರೆ. ಯಾರವನು, ಏನು ಕಳಿಸಿದ್ದಾನೆ, ಫೋನು ತೋರಿಸು ಎಂದು ಟೀಚರು ಮೆಲ್ಲಗೆ ಕೇಳಿದರೂ ಗುಬ್ಬಿಯದು ತುಟಿ ಪಿಟಕ್ಕೆನ್ನದ ಹಟ. ಮೊನ್ನೆ ಮಾತ್ರ, ಟೀಚರು ಚಪ್ಪಲಿ ಮೆಟ್ಟುವಾಗ, ಬಾಗಿಲಿಗೆ ಬಂದು ಹೇಳಿದಳಂತೆ:

"ಆಟದಲ್ಲಾದ್ರೆ ಹೇಳ್ತೀನಿ ಮಿಸ್. ಬಹುಮಾನ ಇರಬಾರದು."

ಮಾನ್ಯರೇ, ಹೀಗಿದೆ ಸಂಗತಿ. ಆ ಮಗುವಿಗೆ ಮಾತಾಡಲು ಇಡೀ ಊರಿನಲ್ಲಿ ಇದ್ದದ್ದು ಹತ್ತಡಿ ಸೀಮೆಸುಣ್ಣದ ಹೊಳೆಯೊಂದೇ. ಅದರ ದಡದಲ್ಲಿ ತಾವು ಗಡಿಯಾರ ನೆಟ್ಟಿದ್ದೀರಿ. ಅವನಿನ್ನೂ ಮೆಸೇಜು ಕಳಿಸುತ್ತಿರಬಹುದು. ಅವನಿಗೆ ತಮ್ಮ ಕಾಲಮಿತಿ ಅನ್ವಯಿಸುವುದಿಲ್ಲ. ಆಟವನ್ನು ಹಳೆಯ ರೀತಿಯಲ್ಲಿ ಆಡಿಸಿದರೆ ಟೀಚರಿಗೆ ವರ್ಗಾವಣೆ ಎಂದು ತಮ್ಮ ಆದೇಶದ ಕೊನೆಯ ಸಾಲು ಹೇಳುತ್ತದೆ. ಅವರು ಅದಕ್ಕೂ ತಯಾರಿದ್ದಾರೆ. ಆದರೆ ಅವರು ಹೋದರೆ ಗುಬ್ಬಿ ಯಾರ ಮುಂದೆ ಬಾಯಿ ತೆರೆಯಬೇಕು?

ಬರುವ ಶನಿವಾರದೊಳಗೆ ಆದೇಶವನ್ನು ಹಿಂತೆಗೆದುಕೊಳ್ಳಿ. ಫಲಕವನ್ನು ಈ ಪತ್ರದ ಜೊತೆಗೇ ಕಳುಹಿಸುತ್ತಿದ್ದೇನೆ. ಮನಸ್ಸಾದರೆ ತಾವೂ ಬನ್ನಿ, ಗಡಿಯಾರವನ್ನು ಬೂಟಿನ ಜೊತೆ ಹೊರಗೆ ಬಿಟ್ಟು. ತಮ್ಮ ಕೈಗೂ ಒಂದು ಕಾರ್ಡು ಬರಬಹುದು. ಹೆದರಬೇಡಿ, ನಿಮಗೆ ಹೇಗೆ ಗೊತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇನ್ನು, ಮೇಲಿನವರಿಗೆ ಏನೆಂದು ತೋರಿಸುವುದು ಎಂಬ ತಮ್ಮ ಪ್ರಶ್ನೆ. ಒಬ್ಬಳು ಶಾಲೆಗೆ ಮರಳಿ ಬಂದಳು ಎಂದು ಬರೆಯಿರಿ. ಫಲಿತಾಂಶ ಎಂಬ ಜಾಗದಲ್ಲಿ ಅಷ್ಟು ಹಿಡಿಸುತ್ತದೆ.

ಇಂತಿ,
ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ,
ದ್ವಿತೀಯ ಬಹುಮಾನಿತ ತಂಡದ ನಾಯಕಿಯ ತಂದೆ