ಬೀಸೋ ಕಲ್ಲಿನ ಗೂಟ

ಮಾರ್ಚ್ ೧೪, ಶನಿವಾರ

ಮಣಿಕಟ್ಟು ನೋಯುತ್ತಿದೆ. ಆದರೂ ಇದನ್ನು ಬರೆಯದೆ ನಿದ್ದೆ ಹತ್ತದು.

ಮೊಮ್ಮಗಳು ಕರಾಟೆ ಕ್ಲಾಸಿನಲ್ಲಿ ಟೊನ್ಫಾ ಕಲಿಯುತ್ತಾಳೆ. ಮೊಳದುದ್ದದ ಮರದ ತುಂಡು, ಅದರ ಪಕ್ಕಕ್ಕೊಂದು ಹಿಡಿ. ಆ ಹಿಡಿಯಿಂದ ತುಂಡನ್ನು ಗಿರ್ರನೆ ತಿರುಗಿಸಬೇಕು. ಇವಳದ್ದು ಅರ್ಧ ಸುತ್ತಿಗೇ ನಿಲ್ಲುತ್ತಿತ್ತು; ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಈ ಸಲವೂ ಆಗದಿದ್ದರೆ ಬಿಟ್ಟೇಬಿಡುತ್ತೇನೆಂದು ನಿನ್ನೆ ಮುಖ ಊದಿಸಿಕೊಂಡು ಕೂತಿದ್ದಳು.

"ಅಯ್ಯೋ ಪೆದ್ದಿ, ಅದೇನು ಕಳ್ಳನ ಜುಟ್ಟಾ, ಹಾಗೆ ಬಿಗಿ ಹಿಡಿಯೋಕೆ? ಬೀಸೋ ಕಲ್ಲಿನ ಗೂಟ ಅಂದ್ಕೋ. ಸಡಿಲ ಬಿಟ್ರೇನೇ ತಿರುಗೋದು" ಎಂದು ಕಸಿದುಕೊಂಡು ತಿರುಗಿಸಿ ತೋರಿಸಿದೆ.

"ಅಜ್ಜೀ, ಇನ್ನೊಂದ್ಸಲ!" ಎಂದು ಸಂಜೆಯವರೆಗೂ ನನ್ನ ಕೈಲಿ ಅದನ್ನೇ ಮಾಡಿಸಿದಳು.

ಇವತ್ತು ಅವಳ ಕೈಯಲ್ಲಿ ಅದು ನೀರು ಕುಡಿದಷ್ಟು ಸಲೀಸಾಗಿ ಸುತ್ತಿತು. ಪಾಸು! ಯಾರು ಹೇಳಿಕೊಟ್ಟರೆಂದು ಮಾಸ್ತರರು ಕೇಳಿದಾಗ, ಅಷ್ಟು ಜನರ ಮುಂದೆ ಬೀಸೋ ಕಲ್ಲಿನ ಮಾತನ್ನೂ ಹೇಳಿ ನನ್ನತ್ತ ಬೆರಳು ಮಾಡಿದಳು.

"ಇದೂ ಮೊದಲು ಬೀಸೋ ಕಲ್ಲಿನ ಗೂಟವೇ ಆಗಿತ್ತಂತೆ, ಅಜ್ಜಿ" ಎಂದು ಅವರು ನನಗೆ ಬಗ್ಗಿ ವಂದಿಸಿದರು.

ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿ ಬೀಸಲು ಕೂರಿಸಿದಾಗ ಆ ಕಲ್ಲಿಗೆ ಎಷ್ಟು ಶಾಪ ಹಾಕಿದ್ದೆ! ಇವತ್ತು ಮಾಸ್ತರರೇ ನನಗೆ ಬಗ್ಗಿದರು.

ದಾರಿಯಲ್ಲಿ ಮೊಮ್ಮಗಳಿಗೆ, "ಸಾಕು ಹಲ್ಲು ಕಿರಿದಿದ್ದು, ಮುಂದೆ ನೋಡ್ಕೊಂಡು ನಡಿ" ಎಂದೆ. ಕತ್ತಲಾಗಿತ್ತು, ಪುಣ್ಯ. ನನ್ನ ಹಲ್ಲು ಅವಳಿಗೆ ಕಾಣಲಿಲ್ಲ.