ಮಾದಿರಾನ್, ಮಾರನೆಯ ದಿನ

ಬಿಶಾನ್, ಸಿಂಗಪುರ
8 ಮಾರ್ಚ್ 2015

ಚಿ. ಕುಮಾರಿ ಇಂದುಗೆ ನಿನ್ನ ಅಕ್ಕನ ಪ್ರೀತಿಯ ಆಶೀರ್ವಾದಗಳು.

ಮದುವೆ ಗೊತ್ತಾದ ಸುದ್ದಿ ಬಂದ ಕೂಡಲೇ ಬರೆಯಬೇಕಿತ್ತು, ತಡವಾಯಿತು, ಕೋಪ ಮಾಡಿಕೊಳ್ಳಬೇಡ. ವಾಟ್ಸಾಪ್ ಇರುವಾಗ ಕಾಗದವೇಕೆ ಎಂದು ನಗುತ್ತೀಯೇನೋ. ಫೋನಿಗೆ ಬಂದದ್ದನ್ನು ನೀನು ಅರ್ಧ ಓದಿ ಅಳಿಸಿಬಿಡುತ್ತೀಯ. ಕಾಗದವನ್ನಾದರೆ ಕಡೇಪಕ್ಷ ಹರಿಯುವ ಶ್ರಮವಾದರೂ ಪಡಬೇಕು. ಮುಂದಿನ ತಿಂಗಳು ‘ಕುಮಾರಿ’ ಬಿಟ್ಟು ‘ಸೌಭಾಗ್ಯವತಿ’ ಎಂದು ಬರೆಯಬೇಕಂತೆ. ಬರೆಯುವ ಹಾಗಾದರೆ ಬರೆಯುತ್ತೇನೆ.

ತಡಕ್ಕೆ ಕಾರಣ ನಿನ್ನ ಹಯಗ್ರೀವ. ಟ್ರೇನಿಂಗಿಗೆ ಬಂದು, ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡಿಗೆ ಓಡಾಡಿ ಸೊರಗಿದ್ದ. ಕಳೆದ ಶನಿವಾರ ಊಟಕ್ಕೆ ಕರೆದೆ. ಒಳ್ಳೆಯವನು ಕಣೇ. ಬೇಡವೆಂದರೂ ಕೇಳದೆ ತನ್ನ ತಟ್ಟೆ ತಾನೇ ತೊಳೆದಿಟ್ಟ. ಇಂಥವನು ನಿನಗೆ ಸಿಕ್ಕನಲ್ಲ ಎಂದು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಅವನಿಗೆಂದೇ ಒಂದು ಬಾಟಲಿ ಮಾದಿರಾನ್ ಹುಡುಕಿ ತಂದಿದ್ದೆ. ನಿನಗೆ ಗೊತ್ತಿರುವುದೇ, ಫ್ರಾನ್ಸಿನ ನೈರುತ್ಯ ಮೂಲೆಯ ಕೆಂಪು ವೈನು, ನೋಡಲು ಮಸಿಯ ಹಾಗೆ ಕಪ್ಪು. ಹಿಂದೆ ನಾನು ಬಸುರಿಯಾಗಿದ್ದಾಗ ನಿನ್ನ ಭಾವ ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋಗಿ ಇಂಥವೇ ಎರಡು ತಂದಿದ್ದರು. ಒಂದು ನಮ್ಮ ಮಗುವಿನ ನಾಮಕರಣಕ್ಕೆ, ಇನ್ನೊಂದು ಅದು ದೊಡ್ಡದಾದ ಮೇಲೆ ತೆರೆಯಲು. ಕೊಬ್ಬಿದ ಬಾತುಕೋಳಿಯ ಜೊತೆ ಕುಡಿದರೆ ಒಗರು ಮುರಿಯುತ್ತದೆ ಎಂದಿದ್ದನಂತೆ ಅಂಗಡಿಯವನು. ಪುಳಿಚಾರಿನವರಾದ ನಾವು ಅದರ ಜೊತೆಗೆ ಬಿಸಿಬೇಳೆಬಾತು ಮಾಡಿಕೊಂಡೆವು!

ಹೋದ ದೀಪಾವಳಿ ನೆನಪಿದೆಯೇ? ನೀನೂ ರಜೆಗೆ ಬಂದಿದ್ದೆ. ನಾಮಕರಣದ ಬಾಟಲಿ ಕೈಜಾರಿ ಒಡೆಯಿತೆಂದು ನಿನ್ನ ಭಾವ ಹಿಂದೆಯೇ ಹೇಳಿದ್ದರು. ಮಗುವೇ ಇಲ್ಲದ ಮೇಲೆ ಉಳಿದದ್ದೇಕೆ ಎಂದು ಅದನ್ನು ಅಂದು ತೆರೆದರು. ಬಾತಿನ ಖಾರಕ್ಕೆ ಒಗರು ಸೇರಿ ಪಕ್ಕದ ಮನೆಯ ರಘುನಾಥ್ ಮುಖ ಹಿಂಡಿದರು. "ಏನ್ರೀ ಸುಭಾಷ್ ಇದು, ಹಸಿ ಬಾಳೆಕಾಯಿ ಕಚ್ಚಿದ ಹಾಗಿದೆ! ನಾಲಿಗೇನೇ ಒಣಗೋಯ್ತು."

ವೈನಿನ ವಾಸನೆಗೇ ಮೂಗು ಮುಚ್ಚುವ ನೀನು ನಿಂಬೆ ಪಾನಕ ಹಿಡಿದುಕೊಂಡು ಎಷ್ಟು ಸಲೀಸಾಗಿ ಹೇಳಿದೆ. "ಇವತ್ತು ಬೇಡ ಅಂಕಲ್, ಕಾರ್ಕ್ ಹಾಕಿಟ್ಟು ನಾಳೆ ಟ್ರೈ ಮಾಡಿ. ಮಾರನೇ ದಿನ ಇದು ಎಷ್ಟು ಸಾಫ್ಟ್ ಆಗಿರುತ್ತೆ ಗೊತ್ತಾ!"

ನಿನ್ನ ಭಾವನ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತು. ಒಡೆಯಿತೆಂದ ಬಾಟಲಿ ಒಡೆದಿರಲೇ ಇಲ್ಲ. ನೀವಿಬ್ಬರೂ ಕೂತು ಕುಡಿದಿದ್ದಿರಿ. ಅದೂ ಒಂದು ದಿನವಲ್ಲ, ಮಾರನೆಯ ದಿನವೂ. ಬಾಣಂತನಕ್ಕೆಂದು ಅಮ್ಮ ಕಳಿಸಿದ ತಂಗಿ ನೀನು, ನಾನು ಆಗ ಆಸ್ಪತ್ರೆಯಲ್ಲಿ. ಎಲ್ಲರೂ ಹೋದ ಮೇಲೆ ಅವರನ್ನು ಕೇಳಿದೆ. "ತಪ್ಪಾಯ್ತು ವೇದಾ. ಅವಳು ಊರಿಗೆ ಹೋದ್ಮೇಲೆ ಎಲ್ಲಾ ಅಲ್ಲಿಗೇ ಮುಗೀತು" ಎಂದರು. ನಾನು ಕೇಳಿದ್ದು ಬರೀ ಬಾಟಲಿಯ ವಿಷಯ.

ಶನಿವಾರ ಹಯಗ್ರೀವನೂ ಒಂದು ಗುಟುಕಿಗೇ ಲೋಟ ಕೆಳಗಿಟ್ಟ. "ತುಂಬಾ ಒಗರು ಅಕ್ಕಾ."

"ನಾಳೆ ಹೇಗಿರುತ್ತೆ ಅಂತ ಇಂದುನ ಕೇಳಿ. ನಮ್ಮನೇಲಿ ಅದು ಗೊತ್ತಿರೋದು ಅವಳಿಗೂ ಇವರಿಗೂ ಮಾತ್ರ."

"ಅವಳು ಮುಟ್ಟೋದೇ ಇಲ್ಲ ಅಂದಿದ್ಲಲ್ಲ?"

"ಇನ್ನೊಂದು ಹಪ್ಪಳ ಹಾಕ್ಲಾ?" ಎಂದೆ. ನಿನ್ನ ಭಾವ ಫೋನ್ ಬಂತೆಂದು ಎದ್ದು ಹೋದರು. ಅವರ ಫೋನು ನನ್ನ ಪಕ್ಕದಲ್ಲೇ ಇತ್ತು.

ಉಳಿದರ್ಧ ಬಾಟಲಿಯನ್ನು ಅವನ ಜೊತೆಗೇ ಕಳಿಸಿದೆ. ಮಾರನೆಯ ದಿನ ಫೋನ್ ಮಾಡಿದ. "ಅಕ್ಕಾ, ನಿಜವಾಗ್ಲೂ ಸಾಫ್ಟ್ ಆಗಿದೆ. ಭಾವನ ಜೊತೆ ಅವಳು ಯಾವಾಗ ಕುಡಿದಿದ್ದು?" ದನಿಯಲ್ಲಿ ನಗುವಿರಲಿಲ್ಲ. ಅವಳನ್ನೇ ಕೇಳಿ ಎಂದೆ. ಶುಕ್ರವಾರ ಮೈಸೂರಿಗೆ ಬರುತ್ತಾನೆ. ಅಷ್ಟರೊಳಗೆ ಈ ಕಾಗದ ತಲುಪಿದರೆ ಉತ್ತರ ಯೋಚಿಸಿಟ್ಟುಕೋ. ಸುಳ್ಳು ಹೇಳುವಾಗ ಮೂಗು ಸವರಿಕೊಳ್ಳುವ ಚಟ ನಿನಗಿದೆ. ಅದನ್ನೂ ಅವನಿಗೆ ಹೇಳಿದ್ದೇನೆ.

ಅಮ್ಮನ ಮಂಡಿನೋವಿಗೆ ಎಣ್ಣೆ ಕಳಿಸುತ್ತಿದ್ದೇನೆ, ಮರೆಯದೆ ಹಚ್ಚು. ಮದುವೆ ನಡೆದರೆ ಆರತಿ ಎತ್ತಲು ನಾನೇ ಬರುತ್ತೇನೆ. ನೂರು ಕಾಲ ಸುಖವಾಗಿ ಬಾಳು.

ಇತಿ ನಿನ್ನ ಅಕ್ಕ,
ವೇದಾವತಿ

ತಾ.ಕ.: ಬಾಟಲಿ ತೆರೆದದ್ದು ಮಗು ಹುಟ್ಟಿದ ಸಂಜೆಯಂತೆ, ಖುಷಿಗೆ. ಆಗ ಅವಳು ಬದುಕಿದ್ದಳು. ಅದನ್ನು ಹೇಗೋ ನುಂಗಿಕೊಳ್ಳುತ್ತೇನೆ. ಬೆಳಗಾಗುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಸ್ನಾನ ಮಾಡಿ ಬರುತ್ತೇನೆಂದು ನಿನ್ನ ಭಾವ ನನ್ನನ್ನು ವಾರ್ಡಿನಲ್ಲಿ ಒಬ್ಬಳನ್ನೇ ಬಿಟ್ಟು ಮನೆಗೆ ಬಂದರು. ಇಂದೂ, ಅದೇ ಕಣೇ ನಿನ್ನ ಮಾರನೆಯ ದಿನ. ನನ್ನ ಮಗು ಸತ್ತ ದಿನ ನೀನು ಉಳಿದದ್ದನ್ನು ಬಗ್ಗಿಸಿಕೊಂಡು ಕುಡಿದೆ. ಅದು ಎಷ್ಟು ಸಾಫ್ಟ್ ಆಗಿತ್ತೆಂದು ನಿನಗೆ ಇನ್ನೂ ನೆನಪಿದೆ.