ಜೀಪಿಗೊಂದು ಮೂಗು

ಓಂ ನಮಃ ಶಿವಾಯ

ಜಾವಗಲ್
10-10-2025

ಪ್ರೀತಿಯ ತಮ್ಮ ಇಂದ್ರೇಶನಿಗೆ,

ನಿನ್ನ ಅಕ್ಕನ ತುಂಬು ಮನಸ್ಸಿನ ಹಾರೈಕೆ. ಹೇಗಿದ್ದೀಯ? ನೀನಿರುವ ಬೆಟ್ಟದ ಮೇಲೆ ಆಗಲೇ ಹಿಮ ಬೀಳಲು ಶುರುವಾಗಿರಬೇಕು. ರಾತ್ರಿ ಎದೆ ಮುಚ್ಚಿಕೊಂಡು ಮಲಗು, ಕೆಮ್ಮು ನಿನಗೆ ಚಿಕ್ಕಂದಿನಿಂದಲೂ ಬಿಟ್ಟಿಲ್ಲ. ಕಳಿಸಿದ ಕೊಬ್ಬರಿ ಮಿಠಾಯಿ ನೀನು ತಿಂದೆಯೋ, ಇಲ್ಲ ಮಿಲಿಟರಿ ವರ್ಕ್‌ಶಾಪಿನವರಿಗೆಲ್ಲ ಹಂಚಿ ಕೈ ತೊಳೆದುಕೊಂಡೆಯೋ? ಸ್ನಾನವಾದ ಮೇಲೆ ವಿಭೂತಿ ಇಟ್ಟುಕೊಳ್ಳುವುದನ್ನು ಮರೆಯಬೇಡ. ನಿನಗೆ ಫೋನ್ ಸಿಗುವುದಿಲ್ಲ, ನನಗೆ ಕಾಗದ ಬಿಟ್ಟರೆ ಗತಿಯಿಲ್ಲ. ಎಂದಿನಂತೆ ನಿನ್ನ ಭಾವ ಕೊನೆಯಲ್ಲಿ ಎರಡು ಸಾಲು ಸೇರಿಸಿ ಅಂಚೆಗೆ ಹಾಕುತ್ತಾರೆ. ಮೇಲೆ ಬರೆದಿದ್ದನ್ನು ಅವರು ಓದುವುದಿಲ್ಲ, ಅದು ಅಕ್ಕ ತಮ್ಮನ ಮಾತು ಎನ್ನುತ್ತಾರೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅವರಿಗಿಂತ ಮೊದಲು ನಿನಗೆ ಬೈಯಬೇಕು. ಬೇಸಿಗೆಯಲ್ಲಿ ರಜಕ್ಕೆ ಬಂದವನು ಜಗುಲಿಯ ಮೇಲೆ ಕೂತು, ‘ಇಂಜಿನ್ನೂ ಉಸಿರಾಡ್ಬೇಕು ಭಾವ’ ಎಂದು ಹೇಳಿ ರೈಲು ಹತ್ತಿದೆ. ನೀನು ಹೋದೆ, ನಿನ್ನ ಮಾತು ಇಲ್ಲೇ ಉಳಿಯಿತು. ನಮ್ಮ ಮಾವನ ಕಾಲದ ಡೀಸೆಲ್ ಜೀಪು ನಿನಗೆ ಗೊತ್ತೇ ಇದೆ. ತೆಂಗಿನಕಾಯಿ ತುಂಬಿಕೊಂಡು ಅರಸೀಕೆರೆ ಸೇರುವಷ್ಟರಲ್ಲಿ ಅರ್ಧ ಎಣ್ಣೆ ದಾರಿಗೇ ಅಭಿಷೇಕ. ತಿಂಗಳಿಗೊಂದು ಗ್ಯಾಸ್ಕೆಟ್ಟು. ಒಳಗೆ ಕೂತರೆ ಹೊಗೆಯ ವಾಸನೆಗೆ ತಲೆ ಸುತ್ತುತ್ತಿತ್ತು. ಹಳೇಬೀಡಿನ ಮೆಕ್ಯಾನಿಕ್ ನಟರಾಜ್ ಪೂರ್ತಿ ಇಂಜಿನ್ನನ್ನೇ ಬಿಚ್ಚಬೇಕು ಎಂದ. ನಿನ್ನ ಭಾವ ಒಪ್ಪಲಿಲ್ಲ. ನಾನು ಹಿಟ್ಟು ನಾದುತ್ತಿದ್ದಾಗ ಎದುರಿಗೆ ಕೂತು ಪಾಠ ಶುರು ಮಾಡಿದರು. ಇಂಜಿನ್ನಿನ ಹೊಟ್ಟೆಯಲ್ಲಿ ಗಾಳಿ ತುಂಬಿಕೊಳ್ಳುತ್ತದಂತೆ, ಅದು ಹೋಗುವ ಪೈಪು ಬೆರಳಿನಷ್ಟೂ ದಪ್ಪವಿಲ್ಲವಂತೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ, ಎಲ್ಲಿ ಮೆತ್ತಗಿದೆಯೋ ಅಲ್ಲಿಂದ ಎಣ್ಣೆಯನ್ನು ನೂಕುತ್ತದಂತೆ. ‘ಅದಕ್ಕೊಂದು ದೊಡ್ಡ ಮೂಗು ಬೇಕು ಕಣೇ’ ಎಂದರು. ಒಂದು ಸಲ ಅಲ್ಲ, ನೂರು ಸಲ. ಹಿಟ್ಟು ಒಣಗಿತು.

ಮಾರನೆಯ ದಿನ ಇಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳ ಬಿಚ್ಚಿದರು. ಟ್ಯಾಪೆಟ್ ಕವರ್ ಎನ್ನುತ್ತೀರಲ್ಲ, ಅದೇ. ನನ್ನ ಹಬ್ಬದ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಅರಸೀಕೆರೆಗೆ ಹೋದರು. ಅಲ್ಲಿ ವೆಲ್ಡಿಂಗ್ ಚನ್ನೇಶನ ಹತ್ತಿರ ತೂತು ಕೊರೆಸಿ, ಹೆಬ್ಬೆರಳು ತೂರುವಂಥ ಪೈಪು ಬೆಸೆಸಿ, ಎಣ್ಣೆ ಹಾರಿ ಬರದಂತೆ ಒಳಗೊಂದು ತಗಡು ಅಡ್ಡ ಹಾಕಿಸಿದರು. ಪಾತ್ರೆ ಉಜ್ಜುವ ಸ್ಟೀಲ್ ನಾರು ನನ್ನ ಬಚ್ಚಲಿನಿಂದ ಮಾಯವಾಗಿದ್ದೂ ಅದೇ ವಾರ. ಪೈಪಿನ ಬಾಯಿಗೆ ತುರುಕಿದ್ದಾರೆ. ಅದಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಕೆಳಗೆ ಇಳಿಬಿಟ್ಟರು. ಸುಳ್ಳು ಹೇಳಬಾರದು, ಆಮೇಲೆ ಮೂರು ತಿಂಗಳು ಹೊಗೆಯ ವಾಸನೆ ಇರಲಿಲ್ಲ, ಜೀಪು ನಿಂತ ಕಡೆ ಎಣ್ಣೆಯ ಕಲೆಯೂ ಇರಲಿಲ್ಲ. ಅವರು ಬಾನೆಟ್ ಎತ್ತಿ ತೋರಿಸದ ನೆಂಟರೂ ಇರಲಿಲ್ಲ. ನನಗೊಬ್ಬಳಿಗೆ ಮಾತ್ರ ತೋರಿಸಲಿಲ್ಲ. ಯಾಕೆ ಎಂಬುದು ಆಯುಧಪೂಜೆಯ ದಿನ ಗೊತ್ತಾಯಿತು.

ಅವ್ವ ನನ್ನ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಂಬಿಗೆ ನೆನಪಿದೆಯೇ? ದೇವರ ಮನೆಯದು. ಮೂರು ತಿಂಗಳಿಂದ ಹುಡುಕುತ್ತಿದ್ದೆ. ಸಿಕ್ಕರೆ ಕಾಯಿ ಒಡೆಸುತ್ತೇನೆ ಎಂದು ವೀರಭದ್ರಸ್ವಾಮಿಗೆ ಹರಕೆ ಹೊತ್ತಿದ್ದೆ. ಪೂಜೆಗೆ ಮುಂಚೆ ಧೂಳು ಒರೆಸೋಣವೆಂದು ಬಾನೆಟ್ ಎತ್ತಿದರೆ, ಬ್ಯಾಟರಿಯ ಪಕ್ಕ ತಂತಿ ಬಿಗಿಸಿಕೊಂಡು ಕೂತಿದೆ ಅವ್ವನ ತಂಬಿಗೆ. ರಬ್ಬರ್ ಪೈಪು ಅದರೊಳಗೆ ಇಳಿದಿದೆ, ತಳದಲ್ಲಿ ಕರಿ ಎಣ್ಣೆ. ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡದು, ತುಳುಕುವುದಿಲ್ಲ ಎಂದು ಆಮೇಲೆ ಸಮಜಾಯಿಷಿ ಬೇರೆ. ಆ ಹೊತ್ತಿಗೆ ಅವರು ಬೂದುಗುಂಬಳ ತರಲು ಹೋಗಿದ್ದರು, ಬದುಕಿಕೊಂಡರು. ನಾನು ತಂಬಿಗೆ ಕಿತ್ತುಕೊಂಡೆ, ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದೆ. ಇತ್ತ ಅನಾಥವಾದ ಪೈಪಿನಿಂದ ಎಣ್ಣೆ ತೊಟ್ಟಿಕ್ಕಿ ರಂಗೋಲಿಯ ಮೇಲೆ ಬೀಳತೊಡಗಿತು. ಅದನ್ನು ಮೇಲಕ್ಕೆ ಮಡಚಿ, ಜೀಪಿಗೆಂದು ಇಟ್ಟಿದ್ದ ಅರಿಶಿನ ಕೊಂಬಿನ ಕಂಕಣವನ್ನೇ ಬಿಗಿಯಾಗಿ ಸುತ್ತಿ ಮೂರು ಗಂಟು ಹಾಕಿದೆ. ಬಾನೆಟ್ ಮುಚ್ಚಿ ಚೆಂಡುಹೂವಿನ ಹಾರ ಹಾಕಿದೆ. ಪೂಜೆಯ ಹೂವು ಬಾಡುವವರೆಗೂ ಬಾನೆಟ್ ಎತ್ತಕೂಡದು ಎಂದು ಅವರು ಬಂದಮೇಲೆ ಕಟ್ಟಪ್ಪಣೆ ಮಾಡಿದೆ. ಆ ಒಂದು ಮಾತು ಮಾತ್ರ ಕೇಳಿದರು.

ಮಾರನೆಯ ಬೆಳಿಗ್ಗೆ ನಿನ್ನ ಭಾವನ ಅಕ್ಕ ಶಿವಗಂಗಮ್ಮನನ್ನು ಬೇಲೂರಿಗೆ ಬಿಟ್ಟುಬರಲು ಮೂವರೂ ಹೊರಟೆವು. ಹಳೇಬೀಡು ದಾಟಿ ಬಸ್ತಿಹಳ್ಳಿಯ ಹತ್ತಿರ ಬಂದಿದ್ದೆವು, ಮುಂದಿನಿಂದ ಬುಸ್ ಎಂದಿತು. ಕೆಳಗೆಲ್ಲ ಎಣ್ಣೆ, ಮೇಲೆಲ್ಲ ಹೊಗೆ. ಬಸದಿ ನೋಡಲು ಬಂದವರೆಲ್ಲ ನಮ್ಮನ್ನು ನೋಡುತ್ತ ನಿಂತರು. ನಿನ್ನ ಭಾವ ಬಾನೆಟ್ ಎತ್ತಿದರು, ತುಂಬ ಹೊತ್ತು ಬಗ್ಗಿಕೊಂಡೇ ಇದ್ದರು. ಕೈ ಒರೆಸಿಕೊಂಡು ಜೇಬಿಗೆ ಇಳಿಸಿದರು, ಆಮೇಲೆ ನಟರಾಜನಿಗೆ ಫೋನ್ ಮಾಡಿದರು. ನಟರಾಜ್ ಬೈಕಿನಲ್ಲಿ ಬಂದ. ಎಣ್ಣೆ ತಡೆಯುವ ಮುಂದಿನ ಆಯಿಲ್ ಸೀಲು ಹಾರಿಹೋಗಿದೆ ಎಂದು ನೋಡಿ, ಎಲ್ಲರಿಗೂ ಕೇಳುವ ಹಾಗೆ, ‘ಏನ್ ಮರುಳಪ್ಪಾರೇ, ಮೂಗು ಕೊರ್ದಿದ್ರಂತೆ, ನೆಗಡಿ ಆಗೈತಲ್ಲ’ ಎಂದ. ಜನ ನಕ್ಕರು. ಶಿವಗಂಗಮ್ಮ ನಗಲಿಲ್ಲ. ‘ಅಪ್ಪನ ಜೀಪ್ನ ಕೊಂದ್ಬಿಟ್ಟೆ ಕಣೋ’ ಎಂದರು. ಇವರು ಒಂದೇ ಮಾತು ಆಡಿದ್ದು: ‘ಹೌದಕ್ಕ, ನಂದೇ ತಪ್ಪು.’

ನಟರಾಜ್ ಸೀಲು ಬದಲಾಯಿಸಿದ. ಮನೆಗೆ ಬಂದ ಮೇಲೆ ಇವರೇ, ನಟರಾಜನ ಹತ್ತಿರವಿದ್ದ ತೂತಿಲ್ಲದ ಹಳೆಯ ಮುಚ್ಚಳವೊಂದನ್ನು ತಂದು ಹಾಕಿದರು. ಮತ್ತೆ ಅದೇ ಹೊಗೆ, ಅದೇ ಎಣ್ಣೆ. ಮೂಗಿನ ಮುಚ್ಚಳ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿದೆ. ಅವತ್ತಿನಿಂದ ದಿನವೂ ಇವರಿಗೆ ನನ್ನ ಬೈಗುಳ ತಪ್ಪಿಲ್ಲ. ಅರಸೀಕೆರೆಯ ಗುಜರಿಯವನಿಗೆ ಹೇಳಿದ್ದಾರೆ, ಸೋಮವಾರ ಬಂದು ಜೀಪು ಎಳೆದುಕೊಂಡು ಹೋಗುತ್ತಾನಂತೆ. ಈ ಕಾಗದ ನಿನಗೆ ಸೇರುವಷ್ಟರಲ್ಲಿ ಅದು ತುಂಡು ತುಂಡಾಗಿರುತ್ತದೆ. ಹೋಗಲಿ, ಪೀಡೆ ಕಳೆಯಿತು. ಇನ್ನು ಯಾವ ಯಂತ್ರಕ್ಕೂ ಕೈ ಹಾಕಬೇಡಿ ಎಂದು ನೀನಾದರೂ ನಾಲ್ಕು ಮಾತು ಬರೆ. ನಿನ್ನ ಮಾತಿಗೆ ಬೆಲೆ ಕೊಡುತ್ತಾರೆ, ಅದೇ ಬಂದ ಕಷ್ಟ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶಿವನ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅಕ್ಕ,
ದಾಕ್ಷಾಯಣಿ

ಮರೆತ ಮಾತು: ಮಡಚಿದ್ದ ಕಾಗದ ಮತ್ತೆ ಬಿಚ್ಚಿದ್ದೇನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು. ಬಸ್ತಿಹಳ್ಳಿಯಲ್ಲಿ ಎಣ್ಣೆಯಾದ ಅವರ ಅಂಗಿಯನ್ನು ಸಿಟ್ಟಿಗೆ ಇಷ್ಟು ದಿನ ಮುಟ್ಟಿರಲಿಲ್ಲ. ಈಗ ನೆನೆಹಾಕಲು ಜೇಬು ನೋಡಿದರೆ ಕಾಗದದಲ್ಲಿ ಸುತ್ತಿಟ್ಟ ನನ್ನ ಕಂಕಣ. ದಾರ ಕತ್ತರಿಸಿದ್ದಾರೆ, ಮೂರು ಗಂಟು ಹಾಗೇ ಇವೆ, ಅರಿಶಿನದ ಕೊಂಬು ಕಪ್ಪಾಗಿದೆ. ಮೂಗು ಕಟ್ಟಿದವಳು ನಾನು ಕಣೋ. ಅವರಿಗೆ ಅಲ್ಲೇ ಗೊತ್ತಾಗಿದೆ. ಅಷ್ಟು ಜನರ ಮುಂದೆ, ಅಕ್ಕನ ಮುಂದೆ, ನನ್ನ ಹೆಸರು ಎತ್ತಲಿಲ್ಲ. ಎಂಟು ದಿನ ನನ್ನ ಬೈಗುಳವನ್ನೂ ಕೇಳಿಸಿಕೊಂಡು ಇದ್ದಾರೆ. ಇಂಥ ಗಂಡಸಿನ ಜೊತೆ ಜಗಳವಾಡುವುದಾದರೂ ಹೇಗೆ? ಬಾಯಿಬಿಟ್ಟು ಹೇಳಲು ನನ್ನಿಂದ ಆಗದು. ಈ ಸಲ ಪೂರ್ತಿ ಓದಿ ಎಂದು ಹೇಳಿ ಕಾಗದ ಕೊಡುತ್ತೇನೆ. ಶಿವಗಂಗಮ್ಮನಿಗೂ ನಟರಾಜನಿಗೂ ನಾನೇ ಹೇಳುತ್ತೇನೆ. ತಂಬಿಗೆಯನ್ನು ಜೀಪಿನ ಸೀಟಿನ ಮೇಲೆ ಇಟ್ಟು ಬಂದಿದ್ದೇನೆ.

ಇಂದ್ರೇಶ, ಕ್ಷೇಮ. ನಿಮ್ಮಕ್ಕ ಓದಿ ಅಂದಳು, ಓದಿದೆ. ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡಿದೆ. ತಂಬಿಗೆ ದೇವರ ಮನೆಗೆ ವಾಪಸ್ ಇಟ್ಟಿದ್ದೇನೆ, ಎಣ್ಣೆಗೆ ಹಳೆಯ ಪೇಂಟ್ ಡಬ್ಬ ಸಾಕು. ಪೈಪು ಇನ್ನೊಂದು ಗೇಣು ಉದ್ದ ಇಡಬಹುದೇ, ಬರೆದು ತಿಳಿಸು. – ಮರುಳಪ್ಪ